ಕಾರ್ ಪಾರ್ಕಿಂಗಿಗೆ ನೀರು ನುಗ್ಗುತ್ತಿದ್ದರೆ: ಉಬ್ಬು, ಚರಂಡಿ, ಪಂಪು, ವಾಟರ್‌ಪ್ರೂಫಿಂಗ್ – ಯಾವ ಮನೆಗೆ ಯಾವುದು

ಬೆಂಗಳೂರಿನ 30×40 ಸೈಟುಗಳಲ್ಲಿ ಕಾರು ನಿಲ್ಲಿಸುವ ಜಾಗವನ್ನು ರಸ್ತೆಗಿಂತ ಎರಡು ಮೂರು ಅಡಿ ತಗ್ಗಿಸಿ ಕಟ್ಟಿದ ಮನೆಗಳು ಬೀದಿಗೆ ಹತ್ತಾದರೂ ಸಿಗುತ್ತವೆ. ಕಟ್ಟಿದ ಹೊಸತರಲ್ಲಿ ತೊಂದರೆ ಇರುವುದಿಲ್ಲ. ಆಮೇಲೆ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಮಟ್ಟ ಏರುತ್ತದೆ, ಪಕ್ಕದ ಸೈಟಿನವರು ಮಣ್ಣು ತುಂಬಿಸುತ್ತಾರೆ, ಮೋರಿ ಹೂಳು ತುಂಬಿಕೊಳ್ಳುತ್ತದೆ. ಒಂದು ಮಳೆಗಾಲದಲ್ಲಿ ಪಾರ್ಕಿಂಗಿನೊಳಗೆ ಪಾದ ಮುಳುಗುವಷ್ಟು ನೀರು. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಳಗೋಡೆಗೆ ವಾಟರ್‌ಪ್ರೂಫ್ ಬಣ್ಣ ಬಳಿಸುವುದು. ಅದು ಪಟ್ಟಿಯಲ್ಲಿ ಕೊನೆಗೆ ಬರಬೇಕಾದದ್ದು. ನೀರು ಯಾವ ದಾರಿಯಿಂದ ಬರುತ್ತಿದೆ ಎಂಬುದು ಖಚಿತವಾಗುವ ತನಕ ಒಂದು ಚೀಲ ಸಿಮೆಂಟನ್ನೂ ತರಿಸಬೇಡಿ. ಒಂದು ದಾರಿಗೆ ಮಾಡಿದ ಮದ್ದು ಇನ್ನೊಂದು ದಾರಿಗೆ ಏನೇನೂ ಕೆಲಸ ಮಾಡುವುದಿಲ್ಲ.

ಮೊದಲು ದಾರಿ ಹುಡುಕಿ

ಅತಿ ದೊಡ್ಡ ಸುಳಿವು ಹೊತ್ತು. ಮಳೆ ಶುರುವಾಗಿ ಐದು ಹತ್ತು ನಿಮಿಷದೊಳಗೆ ನೀರು ಬಂದರೆ ಅದು ಮೇಲ್ಮೈ ನೀರು. ರ‍್ಯಾಂಪಿನಿಂದ ಇಳಿದಿರಬೇಕು, ಇಲ್ಲವೇ ಟೆರೇಸಿನ ಮಳೆಪೈಪು ಗೋಡೆಬುಡದಲ್ಲೇ ಸುರಿಯುತ್ತಿರಬೇಕು. ಮಳೆ ನಿಂತ ಮೇಲೆ ನಿಧಾನಕ್ಕೆ ಶುರುವಾಗಿ ಎರಡು ಮೂರು ದಿನ ಜಿನುಗುತ್ತಲೇ ಇದ್ದರೆ ಅದು ಮಣ್ಣಿನಲ್ಲಿ ಇಂಗಿದ ನೀರು. ಮಳೆ ಜೋರಾದಾಗ ನೆಲದ ಜಾಲರಿಯಿಂದ ಗುಳುಗುಳು ಎಂದು ಮೇಲೆ ಉಕ್ಕಿದರೆ ಮೋರಿ ಅಥವಾ ಒಳಚರಂಡಿಯ ಹಿಮ್ಮುಖ ಹರಿವು. ವಾಸನೆಯೇ ಯಾವುದೆಂದು ಹೇಳುತ್ತದೆ. ಬೇಸಿಗೆಯಲ್ಲೂ ತೇವ ಆರದಿದ್ದರೆ ಸಂಪು ಅಥವಾ ಪೈಪು.

ಮಳೆ ಬರುವ ಸೂಚನೆ ಕಂಡಾಗ ಒಣ ನೆಲದ ಮೇಲೆ ರಂಗೋಲಿ ಪುಡಿಯಿಂದ ಗೆರೆ ಎಳೆಯಿರಿ: ಗೇಟಿನ ಉದ್ದಕ್ಕೆ ಒಂದು, ಪ್ರತಿ ಗೋಡೆಯಿಂದ ಒಂದಡಿ ಈಚೆಗೆ ಒಂದೊಂದು, ಜಾಲರಿಯ ಸುತ್ತ ಒಂದು. ನೀರು ಬಂದ ಹತ್ತು ನಿಮಿಷಕ್ಕೆ ನೋಡಿದರೆ ಮೊದಲು ಕೊಚ್ಚಿಹೋದ ಗೆರೆ ಯಾವುದು, ಪುಡಿ ಯಾವ ಕಡೆಗೆ ಹರಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನೆಲವೆಲ್ಲ ತುಂಬಿದ ಮೇಲೆ ನೋಡಿ ಪ್ರಯೋಜನವಿಲ್ಲ. ಫೋನನ್ನು ಒಂದು ಮೂಲೆಯಲ್ಲಿಟ್ಟು ವಿಡಿಯೊ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಮಳೆಗೆ ಕಾಯಲಾಗದಿದ್ದರೆ ಪೈಪಿನಿಂದ ನೀರು ಬಿಟ್ಟು ಪರೀಕ್ಷಿಸಿ. ತಗ್ಗಿನ ಜಾಗದಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಗೋಡೆಬುಡಕ್ಕೆ ಹದಿನೈದು ನಿಮಿಷ, ಆಮೇಲೆ ಎರಡಡಿ ಮೇಲೆ, ಆಮೇಲೆ ಪೈಪು ಗೋಡೆ ದಾಟುವ ತೂತು, ಕೊನೆಗೆ ಮಳೆಪೈಪಿನ ಬಾಯಿ. ಒಳಗೊಬ್ಬರು ಟಾರ್ಚು ಹಿಡಿದು ನಿಂತಿರಬೇಕು. ಮೇಲಿನಿಂದ ಶುರುಮಾಡಿದರೆ ಇಳಿದ ನೀರು ಎಲ್ಲ ಕಡೆಯೂ ನೆನೆಸಿಬಿಡುತ್ತದೆ, ಏನೂ ತಿಳಿಯುವುದಿಲ್ಲ. ಪೈಪು, ಚೇಂಬರುಗಳ ಅನುಮಾನವಿದ್ದರೆ ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಿಗೆ ಕಲಸಿ ಸುರಿಯಿರಿ. ಒಳಗೆ ನೀಲಿ ಕಂಡರೆ ಸಾಕ್ಷಿ ಸಿಕ್ಕಿತು. ಮಣ್ಣಿನ ಮೂಲಕ ಸೋಸಿ ಬರುವ ನೀರಿಗೆ ಈ ಪರೀಕ್ಷೆಯನ್ನು ನಂಬಬೇಡಿ, ಬಣ್ಣ ದಾರಿಯಲ್ಲೇ ಉಳಿದುಬಿಡಬಹುದು.

ಸಂಪಿನ ಪರೀಕ್ಷೆಯನ್ನು ಯಾರೂ ಬಿಡಬಾರದು. ಪಾರ್ಕಿಂಗಿನ ಕೆಳಗೋ ಪಕ್ಕದಲ್ಲೋ ಸಂಪಿರುವ ಮನೆಗಳೇ ಹೆಚ್ಚು. ರಾತ್ರಿ ಸಂಪು ತುಂಬಿಸಿ, ಒಳಬರುವ ವಾಲ್ವು ಮುಚ್ಚಿ, ಮೋಟರು ಆಫ್ ಮಾಡಿ, ಒಳಗೋಡೆಗೆ ನೀರಿನ ಮಟ್ಟದಲ್ಲಿ ಗುರುತು ಹಾಕಿ. ಬೆಳಗ್ಗೆ ನೋಡಿ. 6 ಅಡಿ × 5 ಅಡಿಯ ಸಂಪಿನಲ್ಲಿ ಒಂದು ಸೆಂ.ಮೀ. ಇಳಿದಿದ್ದರೂ ಸುಮಾರು 28 ಲೀಟರ್ ಹೋಗಿದೆ ಎಂದರ್ಥ. ಒಂದು ಗೋಡೆಬುಡ ವರ್ಷವಿಡೀ ಒದ್ದೆಯಾಗಿರಲು ಅಷ್ಟು ಧಾರಾಳ ಸಾಕು.

ನೆಲ ಬರೀ ತಣ್ಣಗೆ ಬೆವರಿದಂತಿದ್ದರೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ತೇವ ನೆಲದಿಂದಲೇ ಏರುತ್ತಿದೆ. ಮೇಲ್ಮೈಯಲ್ಲಿ ಮಾತ್ರ ಹನಿಯಿದ್ದರೆ ಅದು ಗಾಳಿಯ ತೇವ. ಬೇಕಾದದ್ದು ಕಿಟಕಿ ಅಥವಾ ಎಕ್ಸಾಸ್ಟ್ ಫ್ಯಾನು, ವಾಟರ್‌ಪ್ರೂಫಿಂಗ್ ಅಲ್ಲ.

ರ‍್ಯಾಂಪಿನಿಂದ ಇಳಿಯುವ ನೀರು: ಉಬ್ಬೋ, ಅಡ್ಡಚರಂಡಿಯೋ?

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಬರುತ್ತಿರುವುದು ರ‍್ಯಾಂಪಿನ ಮೇಲೆ ಬಿದ್ದ ನಿಮ್ಮದೇ ಮಳೆಯೋ, ರಸ್ತೆಯ ನೀರೋ?

ಲೆಕ್ಕ ಹಾಕಿ ನೋಡೋಣ. 10 ಅಡಿ ಅಗಲ, 25 ಅಡಿ ಉದ್ದದ ರ‍್ಯಾಂಪು ಎಂದರೆ ಸುಮಾರು 23 ಚದರ ಮೀಟರ್. ಗಂಟೆಗೆ 60 ಮಿ.ಮೀ. ಲೆಕ್ಕದಲ್ಲಿ ಮಳೆ ಸುರಿದರೂ (ಅದು ಜೋರು ಮಳೆಯೇ) ನಿಮಿಷಕ್ಕೆ ಇಳಿಯುವುದು 23 ಲೀಟರ್. ಒಂದು ದೊಡ್ಡ ಬಕೆಟ್ಟಿಗಿಂತ ತುಸು ಹೆಚ್ಚು. ಇದನ್ನು ನಾಲ್ಕಿಂಚಿನ ಪೈಪು ಸಲೀಸಾಗಿ ಸಾಗಿಸುತ್ತದೆ. ಆದರೆ ರಸ್ತೆಯ ನೀರು ಗೇಟು ದಾಟಿ ಒಳಗೆ ತಿರುಗಿತೆಂದರೆ ಅದಕ್ಕೆ ಲೆಕ್ಕವೇ ಇಲ್ಲ. ಇಡೀ ಬೀದಿಯ ನೀರನ್ನು ಆರಿಂಚಿನ ಚರಂಡಿ ನುಂಗಲಾರದು. ಆದ್ದರಿಂದ ನಿಮ್ಮ ಮಳೆಗೆ ಅಡ್ಡಚರಂಡಿ, ರಸ್ತೆಯ ನೀರಿಗೆ ಉಬ್ಬು. ಎರಡೂ ಬರುತ್ತಿದ್ದರೆ ಎರಡೂ ಬೇಕು, ಉಬ್ಬು ಮೇಲ್ತುದಿಯಲ್ಲಿ, ಚರಂಡಿ ಬುಡದಲ್ಲಿ.

ರಸ್ತೆ ಎಷ್ಟು ಎತ್ತರವಿದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಮೇಸ್ತ್ರಿಗಳ ಬಳಿ ಇರುವ ಲೆವೆಲ್ ಟ್ಯೂಬು ಹಿಡಿದು ರಸ್ತೆಯ ಮಧ್ಯ, ರಸ್ತೆಯ ಅಂಚು, ಗೇಟಿನ ಹೊಸ್ತಿಲು, ಈ ಮೂರರ ಮಟ್ಟ ಗುರುತು ಮಾಡಿಸಿ. ಉಬ್ಬಿನ ನೆತ್ತಿ ರಸ್ತೆಯಂಚಿನಲ್ಲಿ ನೀರು ನಿಲ್ಲುವ ಮಟ್ಟಕ್ಕಿಂತ ಕನಿಷ್ಠ 2 ಇಂಚು ಮೇಲಿರಬೇಕು. ಸಾಮಾನ್ಯವಾಗಿ 3ರಿಂದ 4 ಇಂಚು ಎತ್ತರ ಸಾಕಾಗುತ್ತದೆ; ಎರಡೂ ಬದಿಗೆ ಎರಡೆರಡು ಅಡಿ ಇಳಿಜಾರು ಕೊಡಿ. ಇಳಿಜಾರು ಗಿಡ್ಡವಾದರೆ ಕಾರಿನ ಹೊಟ್ಟೆ ಉಜ್ಜುತ್ತದೆ, ಅದರಲ್ಲೂ ನಾಲ್ಕು ಜನ ಕುಳಿತ ಸೆಡಾನ್. ಮೊದಲು ಹಲಗೆ, ಇಟ್ಟಿಗೆಗಳಿಂದ ಅದೇ ಆಕಾರ ಮಾಡಿ ಕಾರು ಹತ್ತಿಸಿ ನೋಡುವುದು ಕ್ಷೇಮ. ಹಳೆಯ ಕಾಂಕ್ರೀಟಿನ ಮೇಲೆ ಸುಮ್ಮನೆ ಗಾರೆ ಎಳೆದರೆ ಆರು ತಿಂಗಳಲ್ಲಿ ಚಕ್ಕೆ ಏಳುತ್ತದೆ. ಮೇಲ್ಮೈಯನ್ನು ಉಳಿಯಿಂದ ಕಚ್ಚು ಹಾಕಿ, ಒಂದೊಂದು ಅಡಿಗೆ 8 ಮಿ.ಮೀ. ಕಂಬಿಯ ತುಂಡುಗಳನ್ನು 3 ಇಂಚು ಆಳ ಕೊರೆದು ನೆಟ್ಟು, ಸಿಮೆಂಟು ತಿಳಿ ಬಳಿದು, ಅದು ಹಸಿಯಾಗಿರುವಾಗಲೇ 1:1½:3ರ (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು ಹಾಕಬೇಕು. ಏಳು ದಿನ ನೀರು ಹಾಕಿ ಕ್ಯೂರಿಂಗ್, ಎರಡು ವಾರ ಕಾರು ಹತ್ತಿಸುವಂತಿಲ್ಲ. ಉಬ್ಬು ನಿಮ್ಮ ಗೇಟಿನ ಒಳಗಡೆಯೇ ಇರಲಿ. ಫುಟ್‌ಪಾತಿನ ಮೇಲೆ, ಮೋರಿಯ ಮೇಲೆ ಕಟ್ಟಿದರೆ ನೀರು ಪಕ್ಕದ ಮನೆಗೆ ತಿರುಗುತ್ತದೆ; ಮಹಾನಗರ ಪಾಲಿಕೆಯವರು ಒಡೆದರೂ ಕೇಳುವ ಹಾಗಿಲ್ಲ.

ಅಡ್ಡಚರಂಡಿಯಲ್ಲಿ ತಪ್ಪುಗಳು ಹೆಚ್ಚು, ಆದ್ದರಿಂದ ಕೊಂಚ ವಿವರವಾಗಿ. ರ‍್ಯಾಂಪಿನ ಬುಡದಲ್ಲಿ ಗೋಡೆಯಿಂದ ಗೋಡೆಗೆ, ಒಂದಿಂಚೂ ಬಿಡದಂತೆ ಇರಬೇಕು. ಕೊನೆಯಲ್ಲಿ ಅರ್ಧ ಅಡಿ ಬಿಟ್ಟರೆ ನೀರು ಆ ಸಂದನ್ನೇ ಹುಡುಕಿಕೊಂಡು ಬರುತ್ತದೆ. ಅಗಲ 6 ಇಂಚಿಗೆ ಕಡಿಮೆ ಬೇಡ. ಕಡಿದಾದ ರ‍್ಯಾಂಪಿನಲ್ಲಿ ನೀರು ರಭಸದಿಂದ ಬಂದು 3 ಇಂಚಿನ ಚರಂಡಿಯನ್ನು ಹಾರಿಯೇ ಹೋಗುತ್ತದೆ. ಜಾಲರಿಯ ಮೇಲ್ಭಾಗ ನೆಲಕ್ಕಿಂತ 3ರಿಂದ 5 ಮಿ.ಮೀ. ತಗ್ಗಿನಲ್ಲಿ ಕೂರಬೇಕು. ಮೇಲೆದ್ದು ಕೂತರೆ ಅದೇ ಒಂದು ಸಣ್ಣ ಕಟ್ಟೆಯಾಗಿ ನೀರನ್ನು ಬದಿಗೆ ತಳ್ಳುತ್ತದೆ. ತಳಕ್ಕೆ 10 ಅಡಿಗೆ ಒಂದೂಕಾಲು ಇಂಚು ಇಳಿಜಾರು: ಶುರುವಿನಲ್ಲಿ 6 ಇಂಚು ಆಳವಿದ್ದರೆ ಕೊನೆಗೆ ಏಳೂಕಾಲು.

ಜಾಲರಿಯ ಪಟ್ಟಿಗಳು ಚರಂಡಿಯ ಅಗಲಕ್ಕೆ ಅಡ್ಡಲಾಗಿ ಕೂರಬೇಕು, ಉದ್ದಕ್ಕಲ್ಲ. ಉದ್ದಕ್ಕಿದ್ದರೆ ಚಕ್ರದ ಭಾರಕ್ಕೆ ನಾಲ್ಕು ತಿಂಗಳಲ್ಲಿ ಬಾಗುತ್ತವೆ. 40×6 ಮಿ.ಮೀ. ಕಬ್ಬಿಣದ ಪಟ್ಟಿ, ನಡುವೆ 20ರಿಂದ 25 ಮಿ.ಮೀ. ಸಂದು, ಕೂರಲು ಕಾಂಕ್ರೀಟಿನಲ್ಲಿ ಹುದುಗಿಸಿದ ಎಲ್ ಆಂಗಲ್. ಗ್ಯಾಲ್ವನೈಸ್ ಮಾಡಿಸಿ, ಬರೀ ರೆಡ್ ಆಕ್ಸೈಡ್ ಸಾಲದು. ಸ್ನಾನದಮನೆಗೆಂದು ಮಾರುವ ತೆಳು ಸ್ಟೀಲಿನ ಜಾಲರಿ ಕಾರಿನ ಭಾರಕ್ಕಲ್ಲ. ಎರಡೆರಡು ಅಡಿಯ ತುಂಡುಗಳಾಗಿ ಮಾಡಿಸಿದರೆ ಒಬ್ಬರೇ ಎತ್ತಿ ತೊಳೆಯಬಹುದು. ಹತ್ತಡಿಯ ಒಂದೇ ಜಾಲರಿಯನ್ನು ಎತ್ತುವವರಿಲ್ಲದೆ ಚರಂಡಿ ಎಲೆ ಕೊಳೆತು ಕಟ್ಟಿಕೊಂಡಿರುತ್ತದೆ. ಕಾರು ಹತ್ತಿದಾಗ ಸದ್ದಾಗದಿರಲು ಆಂಗಲ್ ಮೇಲೆ ರಬ್ಬರ್ ಪಟ್ಟಿ ಅಂಟಿಸಿ. ಚರಂಡಿಯ ಕೊನೆಗೆ ಒಂದಡಿ ಚೌಕದ ಚೇಂಬರು, ಅದರ ತಳ ಹೊರಹೋಗುವ ಪೈಪಿಗಿಂತ 6 ಇಂಚು ಕೆಳಗೆ. ಮರಳು, ಮಣ್ಣು ಅಲ್ಲಿ ಕೂರುತ್ತದೆ, ಪೈಪು ಉಳಿಯುತ್ತದೆ.

ಶಟರಿನ ಕೆಳಗೆ ಹಾಕುವ ರಬ್ಬರ್ ಪಟ್ಟಿ, ನೆಲಕ್ಕೆ ಅಂಟಿಸುವ ರಬ್ಬರ್ ಹೊಸ್ತಿಲು ಇವೆಲ್ಲ ಇರಚಲಿಗೆ ಮಾತ್ರ. ಗಾಳಿಗೆ ಸಿಡಿದು ಬರುವ ಮಳೆಯನ್ನು, ಅರ್ಧ ಇಂಚಿನ ತೆಳು ಹರಿವನ್ನು ತಡೆಯುತ್ತವೆ. ರೋಲಿಂಗ್ ಶಟರಿನ ಬದಿಯ ಹಳಿಯಲ್ಲೂ ಪಟ್ಟಿಗಳ ನಡುವೆಯೂ ಸಂದು ಇದ್ದೇ ಇರುವುದರಿಂದ ನೀರು ನಿಂತರೆ ಪ್ರಯೋಜನವಿಲ್ಲ. ಖರ್ಚು ಕಡಿಮೆ ಎಂಬ ಒಂದೇ ಕಾರಣಕ್ಕೆ ಇದನ್ನು ಆರಿಸಬೇಡಿ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಭಾಗ ಮುಳುಗಿದ ಮೇಲೆ ಅಲ್ಯೂಮಿನಿಯಂ ಹಲಗೆಗಳ ತಡೆಗೇಟಿನ ಬಗ್ಗೆ ವಿಚಾರಿಸುವವರು ಹೆಚ್ಚಿದ್ದಾರೆ. ರಾಜಕಾಲುವೆಯ ಪಕ್ಕದ, ಕೆರೆಯ ಕೆಳಗಿನ ತಗ್ಗು ಬಡಾವಣೆಗಳಿಗೆ ಅದು ಸರಿಯಾದ ಆಯ್ಕೆಯೇ. ಆದರೆ ಹತ್ತಡಿ ಅಗಲದ ಗೇಟಿಗೆ ಎರಡಡಿ ನೀರು ನಿಂತರೆ ಒಟ್ಟು ಒತ್ತಡ ಸುಮಾರು 550 ಕೆ.ಜಿ. ಭಾರಕ್ಕೆ ಸಮ. ಅದನ್ನು ಹೊರಬೇಕಾದದ್ದು ಬದಿಯ ಕಂಬಗಳು. ನಾಲ್ಕಿಂಚಿನ ಬ್ಲಾಕಿನ ಕಾಂಪೌಂಡಿಗೆ ಹಳಿ ಹೊಡೆದರೆ ಕಾಂಪೌಂಡೇ ಒಳಗೆ ಬೀಳುತ್ತದೆ. ಆರ್‌ಸಿಸಿ (ಕಂಬಿ ಕಟ್ಟಿದ ಕಾಂಕ್ರೀಟು) ಕಂಬ ಇರಲೇಬೇಕು. ಹಲಗೆ ಜೋಡಿಸಲು ಮನೆಯಲ್ಲಿ ಯಾರಾದರೂ ಇರಬೇಕು ಎಂಬುದೂ ಲೆಕ್ಕಕ್ಕೆ ಬರಲಿ.

ಹಿಡಿದ ನೀರನ್ನು ಎಲ್ಲಿಗೆ ಬಿಡುವುದು

ಚೇಂಬರಿನ ತಳ ಹೊರಗಿನ ಮಳೆನೀರಿನ ಮೋರಿಗಿಂತ ಎತ್ತರದಲ್ಲಿದ್ದರೆ ನಾಲ್ಕಿಂಚಿನ ಪೈಪಿನಲ್ಲಿ ತಾನಾಗಿ ಹರಿಯಲು ಬಿಡಿ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ: ಕರೆಂಟು ಬೇಡ, ಕೆಡುವ ಭಾಗವಿಲ್ಲ. ಮೋರಿ ತುಂಬಿ ವಾಪಸು ಬರುವ ಭಯವಿದ್ದರೆ ಪೈಪಿನ ಬಾಯಿಗೆ ರೆಕ್ಕೆಯ ನಾನ್-ರಿಟರ್ನ್ ವಾಲ್ವು (ನೀರನ್ನು ಹೊರಕ್ಕೆ ಮಾತ್ರ ಬಿಡುವಂಥದ್ದು) ಹಾಕಿಸಿ, ಕೈಗೆ ಸಿಗುವಂಥ ಚೇಂಬರಿನಲ್ಲಿ. ಒಂದು ಪ್ಲಾಸ್ಟಿಕ್ ಕವರು ಸಿಕ್ಕಿಕೊಂಡರೂ ರೆಕ್ಕೆ ಮುಚ್ಚುವುದಿಲ್ಲ, ಹಾಗಾಗಿ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ತೆಗೆದು ತೊಳೆಯಬೇಕು. ಇನ್ನೊಂದು ಮಾತು: ವಾಲ್ವು ಮುಚ್ಚಿದಷ್ಟು ಹೊತ್ತು ನಿಮ್ಮ ನೀರೂ ಹೊರಗೆ ಹೋಗದು. ಮೋರಿ ಗಂಟೆಗಟ್ಟಲೆ ತುಂಬಿರುವ ಬೀದಿಯಲ್ಲಿ ಬರೀ ವಾಲ್ವು ಸಾಲದು, ಪಂಪೂ ಬೇಕು. ಮಳೆನೀರನ್ನು ಒಳಚರಂಡಿಗೆ ಎಂದಿಗೂ ಜೋಡಿಸಬೇಡಿ. ಅದಕ್ಕೆ ಅನುಮತಿಯಿಲ್ಲ, ಮಳೆಗಾಲದಲ್ಲಿ ಬೀದಿಯ ಮ್ಯಾನ್‌ಹೋಲುಗಳು ಉಕ್ಕುವುದಕ್ಕೆ, ಆ ಹೊಲಸು ನಿಮ್ಮ ಪಾರ್ಕಿಂಗಿನ ಜಾಲರಿಯಿಂದಲೇ ಮೇಲೇಳುವುದಕ್ಕೆ ಅಂಥ ಜೋಡಣೆಗಳೂ ಕಾರಣ.

ಪಾರ್ಕಿಂಗು ಮೋರಿಗಿಂತ ತಗ್ಗಿದ್ದರೆ ಪಂಪು ಅನಿವಾರ್ಯ. 2×2 ಅಡಿ, ಎರಡೂವರೆ ಅಡಿ ಆಳದ ಗುಂಡಿ ಮಾಡಿಸಿ; ಅದರಲ್ಲಿ ಒಂದೂವರೆ ಅಡಿ ನೀರು ಏರಿಳಿದರೆ 170 ಲೀಟರ್. ಮೇಲಿನ ಲೆಕ್ಕದ ಜೋರು ಮಳೆಗೆ ಏಳು ನಿಮಿಷಕ್ಕೊಮ್ಮೆ ತುಂಬುತ್ತದೆ, ಮೋಟರಿಗೆ ನಡುನಡುವೆ ವಿಶ್ರಾಂತಿ ಸಿಗುತ್ತದೆ. ಸಣ್ಣ ಗುಂಡಿ ಮಾಡಿದರೆ ನಿಮಿಷಕ್ಕೊಮ್ಮೆ ಆನ್ ಆಫ್ ಆಗಿ ಮೋಟರು ಸುಡುತ್ತದೆ. ಪಂಪು ಅರ್ಧ ಎಚ್‌ಪಿ ಡ್ರೈನೇಜ್ ಸಬ್‌ಮರ್ಸಿಬಲ್ (ನೀರಿನಲ್ಲಿ ಮುಳುಗಿಯೇ ಓಡುವಂಥದ್ದು), ನೀರಿನ ಮಟ್ಟಕ್ಕೆ ತಾನಾಗಿ ಆನ್ ಆಫ್ ಆಗುವ ಫ್ಲೋಟ್ ಸ್ವಿಚ್ ಸಮೇತ; ನಿಮ್ಮ ಎತ್ತರಕ್ಕೆ ನಿಮಿಷಕ್ಕೆ 100 ಲೀಟರ್ ಕೊಡುತ್ತದೆಯೇ ಎಂದು ಕಂಪನಿಯ ಚಾರ್ಟು ನೋಡಿ ಕೊಳ್ಳಿ. ಸಂಪಿನಿಂದ ಟ್ಯಾಂಕಿಗೆ ಏರಿಸುವ ಮೊನೊಬ್ಲಾಕ್ ಮೋಟರು ಇಲ್ಲಿಗೆ ಬೇಡ, ಕೆಸರು ಸಿಕ್ಕಿ ಇಂಪೆಲರ್ ಹಿಡಿದುಕೊಳ್ಳುತ್ತದೆ. ಹೊರಪೈಪಿಗೆ ನಾನ್-ರಿಟರ್ನ್ ವಾಲ್ವು ಇರಲಿ, ಪೈಪು ರಸ್ತೆ ಮಟ್ಟಕ್ಕಿಂತ ಒಂದಡಿ ಮೇಲೆ ಹತ್ತಿ ಇಳಿಯಲಿ.

ಜೋರು ಮಳೆ ಬಂದಾಗಲೇ ಕರೆಂಟು ಹೋಗುವುದು. ಅರ್ಧ ಎಚ್‌ಪಿ ಮೋಟರು ಶುರುವಾಗುವಾಗ ಓಡುವಾಗಿನ ಮೂರು ಪಟ್ಟಿಗೂ ಮೀರಿ ಕರೆಂಟು ಎಳೆಯುವುದರಿಂದ ಫ್ಯಾನು, ಲೈಟಿಗೆಂದು ಹಾಕಿದ ಸಣ್ಣ ಇನ್ವರ್ಟರ್ ಟ್ರಿಪ್ ಆಗಬಹುದು. ಮಳೆಗಾಲಕ್ಕೆ ಮುಂಚೆಯೇ ಮೇನ್ ಆಫ್ ಮಾಡಿ ಇನ್ವರ್ಟರಿನಲ್ಲಿ ಪಂಪು ಓಡಿಸಿ ನೋಡಿ. ಪಂಪಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಕಡ್ಡಾಯ. ಸ್ವಿಚ್ ಬೋರ್ಡು, ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜಿಂಗ್ ಪಾಯಿಂಟು ನೆಲದಿಂದ ನಾಲ್ಕಡಿ ಮೇಲಿರಲಿ. ನೀರು ನಿಂತ ಪಾರ್ಕಿಂಗಿಗೆ ಮೇನ್ ಆಫ್ ಮಾಡದೆ ಯಾರೂ ಕಾಲಿಡಬಾರದು. ಕಾರು ಮುಳುಗಿದರೆ ಮುಳುಗಲಿ.

ಗೋಡೆಯಿಂದ ಒಸರುವುದಕ್ಕೆ: ಹೊರಗಿನಿಂದಲೋ ಒಳಗಿನಿಂದಲೋ

ಮೊದಲು ಬಿಟ್ಟಿ ಉಪಾಯಗಳನ್ನು ಮುಗಿಸಿ. ಟೆರೇಸಿನ ಮಳೆಪೈಪು ಗೋಡೆಬುಡದಲ್ಲಿ ಬಿಟ್ಟಿದ್ದರೆ ಮುಂದಕ್ಕೆ ಒಯ್ಯಿರಿ. ಗೋಡೆಗೆ ಒತ್ತಿಕೊಂಡ ಹೂಗಿಡದ ಪಾತಿ ತೆಗೆಯಿರಿ. ಸುತ್ತಲ ನೆಲ ಮನೆಯ ಕಡೆಗೆ ಇಳಿದಿದ್ದರೆ ಎರಡಡಿ ಅಗಲ ಕಾಂಕ್ರೀಟು ಹಾಕಿ ಹೊರಕ್ಕೆ ಅರ್ಧ ಇಂಚು ಇಳಿಜಾರು ಕೊಡಿ. ಇಂಗುಗುಂಡಿ ಗೋಡೆಯ ಹತ್ತಿರವೇ ಇದ್ದರೆ ಅದರ ಮೇಲಿನ ರಿಂಗುಗಳ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ನೀರು ಪಾರ್ಕಿಂಗಿನ ನೆಲಮಟ್ಟಕ್ಕಿಂತ ಕೆಳಗೆ ಮಾತ್ರ ಇಂಗುವ ಹಾಗೆ ಮಾಡಿ. ಇಷ್ಟಕ್ಕೇ ಒಣಗಿದ ಗೋಡೆಗಳು ಬೇಕಾದಷ್ಟಿವೆ.

ಸಾಲದಿದ್ದರೆ, ಜಾಗವಿದ್ದಲ್ಲಿ ಹೊರಗಿನಿಂದ ಮಾಡಿಸಿದ್ದೇ ಗಟ್ಟಿ, ಏಕೆಂದರೆ ನೀರಿನ ಒತ್ತಡವೇ ಪದರವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಗೋಡೆಯುದ್ದಕ್ಕೂ ಒಂದೇ ಸಲ ಅಗೆಯಬೇಡಿ. ನಾಲ್ಕೈದು ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ. ಪಾಯದ ತಳಕ್ಕಿಂತ ಕೆಳಗಂತೂ ಹೋಗಲೇಬೇಡಿ. ಗೋಡೆ ತೊಳೆದು, ವಾಟರ್‌ಪ್ರೂಫ್ ದ್ರಾವಣ ಬೆರೆಸಿದ 1:4 ಪ್ಲಾಸ್ಟರು (ಪ್ರಮಾಣ ಡಬ್ಬಿಯ ಮೇಲೆ ಇರುವಷ್ಟೇ, ಹೆಚ್ಚು ಸುರಿದರೆ ಗಟ್ಟಿಯಾಗುವುದಿಲ್ಲ), ಒಣಗಿದ ಮೇಲೆ ಎರಡು ಕೋಟು ಬಿಟುಮಿನ್ ಅಥವಾ ಪಾಲಿಮರ್ ಸಿಮೆಂಟು ಲೇಪ. ಬುಡದಲ್ಲಿ ಜಿಯೊಟೆಕ್ಸ್‌ಟೈಲ್ ಬಟ್ಟೆ (ಮಣ್ಣು ತಡೆದು ನೀರನ್ನಷ್ಟೇ ಬಿಡುವಂಥದ್ದು) ಸುತ್ತಿದ ತೂತಿನ ಪೈಪು, ಮೇಲೆ 20 ಮಿ.ಮೀ. ಜಲ್ಲಿ. ಪೈಪಿಗೆ ಹೊರದಾರಿ ಇರಬೇಕು, ಇಲ್ಲದಿದ್ದರೆ ಗೋಡೆಬುಡಕ್ಕೆ ನೀವೇ ಒಂದು ಬಾವಿ ತೋಡಿಕೊಟ್ಟಂತೆ.

30×40 ಸೈಟಿನಲ್ಲಿ ಪಕ್ಕದ ಮನೆಗೆ ಎರಡಡಿ ಸಂದೂ ಇಲ್ಲದಿದ್ದರೆ ಒಳಗಿನಿಂದಲೇ ಮಾಡಬೇಕು. ಆಗ ನೀರು ಪದರವನ್ನು ಹಿಂದಿನಿಂದ ತಳ್ಳುತ್ತದೆ. ಪುಟ್ಟಿ, ಡಿಸ್ಟೆಂಪರು, ಅಕ್ರಿಲಿಕ್ ಬಣ್ಣ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು ಬಿಳಿ ಉಪ್ಪು ಕಾರುವುದು ಇದರಿಂದಲೇ. ಗೋಡೆ ಆರ್‌ಸಿಸಿಯದ್ದಾದರೆ ಕ್ರಿಸ್ಟಲೈನ್ ಲೇಪ (ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಹರಳುಗಟ್ಟಿ ಮುಚ್ಚುವಂಥದ್ದು) ಒಳ್ಳೆಯದು: ಪ್ಲಾಸ್ಟರನ್ನು ಪೂರ್ತಿ ಕಿತ್ತು, ಕಾಂಕ್ರೀಟನ್ನು ಚೆನ್ನಾಗಿ ನೆನೆಸಿ, ಎರಡು ಕೋಟು, ಮೂರು ದಿನ ನೀರು ಚಿಮುಕಿಸಬೇಕು. ಪ್ಲಾಸ್ಟರಿನ ಮೇಲೆಯೇ ಬಳಿದರೆ ದುಡ್ಡು ದಂಡ. ಬಿರುಕಿನಿಂದ ನೀರು ಹರಿದೇ ಬರುತ್ತಿದ್ದರೆ ಪಿಯು ಇಂಜೆಕ್ಷನ್, ಅಂದರೆ ಪಾಲಿಯುರೆಥೇನ್ ದ್ರವವನ್ನು ಒತ್ತಡದಲ್ಲಿ ಬಿರುಕಿಗೆ ತುಂಬುವುದು. ಬಿರುಕಿನ ಎರಡೂ ಬದಿಗೆ ಓರೆಯಾಗಿ ಕೊರೆದು, ತೂತು ಗೋಡೆಯ ಮಧ್ಯದಲ್ಲಿ ಬಿರುಕನ್ನು ಅಡ್ಡಹಾಯುವಂತೆ ಪ್ಯಾಕರ್ (ದ್ರವ ತುಂಬುವ ಸಣ್ಣ ನಳಿಗೆ) ಕೂರಿಸುತ್ತಾರೆ.

ಸೈಜುಗಲ್ಲಿನ ಗೋಡೆಗೆ ಇವೆರಡೂ ಒಗ್ಗುವುದಿಲ್ಲ. ಕಲ್ಲುಗಳ ನಡುವಿನ ಪೊಳ್ಳುಗಳೆಲ್ಲ ಒಂದಕ್ಕೊಂದು ಸೇರಿರುತ್ತವೆ. ಇಂಜೆಕ್ಷನ್ ಲೀಟರುಗಟ್ಟಲೆ ಕುಡಿದು, ನೀರು ಇನ್ನೊಂದು ಸಂದಿನಿಂದ ಬರುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆಗೂ ಹೀಗೆಯೇ. ಇಂಥಲ್ಲಿ ನೀರನ್ನು ತಡೆಯುವ ಹಟ ಬಿಟ್ಟು, ಬಂದದ್ದನ್ನು ಸಾಗಹಾಕುವುದೇ ಜಾಣತನ: ಗೋಡೆಬುಡದಲ್ಲಿ ನೆಲವನ್ನು 3 ಇಂಚು ಅಗಲ, 3 ಇಂಚು ಆಳ ಕತ್ತರಿಸಿ ಸಣ್ಣ ಕಾಲುವೆ ಮಾಡಿ, ಪಂಪಿನ ಗುಂಡಿಗೆ ಇಳಿಜಾರು ಕೊಟ್ಟು, ಮೇಲೆ ತೆಗೆದಿಡಬಹುದಾದ ಕಲ್ಲಿನ ಪಟ್ಟಿ ಮುಚ್ಚುವುದು. ಗೋಡೆ ಒದ್ದೆಯಿರುತ್ತದೆ, ನೆಲ ಒಣಗಿರುತ್ತದೆ. ಕಾರು ನಿಲ್ಲಿಸುವ ಜಾಗಕ್ಕೆ ಅಷ್ಟು ಸಾಕು.

ನೆಲದಿಂದಲೇ ಏಳುವ ನೀರು

ಗೋಡೆ ಮತ್ತು ನೆಲ ಕೂಡುವ ಗೆರೆಯಲ್ಲಿ ಮಾತ್ರ ಒಸರುತ್ತಿದ್ದರೆ ಒಂದಿಂಚು ಆಳ ಕೊರೆದು, ಕ್ಷಣಗಳಲ್ಲಿ ಗಟ್ಟಿಯಾಗುವ ಪ್ಲಗ್ ಸಿಮೆಂಟು ಒತ್ತಿ, ಮೇಲೆ ಪಾಲಿಮರ್ ಗಾರೆಯಿಂದ 2 ಇಂಚಿನ ಬಾಗು ಕಟ್ಟಿಸಿ. ಪ್ಲಗ್ ಸಿಮೆಂಟನ್ನು ಒಂದು ಮುಷ್ಟಿಯಷ್ಟೇ ಕಲಸಬೇಕು, ಬಟ್ಟಲು ತುಂಬ ಕಲಸಿದರೆ ಬಟ್ಟಲಲ್ಲೇ ಕಲ್ಲಾಗುತ್ತದೆ.

ನೆಲವೆಲ್ಲ ಬಿರುಕುಬಿಟ್ಟು ನೀರು ಏಳುತ್ತಿದ್ದರೆ ಮೇಲೆ ಟೈಲ್ಸ್ ಹಾಕಿ ಮುಚ್ಚುವ ಯೋಚನೆ ಬೇಡ. ಅಂತರ್ಜಲ ನೆಲಮಟ್ಟಕ್ಕಿಂತ ಒಂದಡಿ ಮೇಲೇರಿದರೆ ಪ್ರತಿ ಚದರಡಿಗೆ 28 ಕೆ.ಜಿ.ಯಷ್ಟು ಒತ್ತಡ ಕೆಳಗಿನಿಂದ ಮೇಲಕ್ಕೆ. ಮೂರಿಂಚಿನ ಕಾಂಕ್ರೀಟಿನ ತೂಕ ಚದರಡಿಗೆ 17 ಕೆ.ಜಿ. ಮಾತ್ರ. ನೆಲ ಉಬ್ಬಿ ಒಡೆಯದೆ ಇನ್ನೇನಾದೀತು? ಇಲ್ಲಿ ಎರಡೇ ದಾರಿ. ನೆಲದಡಿಗೆ ಜಲ್ಲಿಯ ಪದರ, ತೂತಿನ ಪೈಪು ಹಾಕಿ ಪಂಪಿನ ಗುಂಡಿಗೆ ತಂದು ಒತ್ತಡ ಇಳಿಸುವುದು ಒಂದು. ನೆಲವನ್ನೇ ಏರಿಸುವುದು ಇನ್ನೊಂದು. ವರ್ಷಕ್ಕೆ ಕೆಲವೇ ವಾರ ನೀರು ಏಳುವ ಬಯಲುಸೀಮೆಯ ಊರುಗಳಿಗೆ ಪಂಪು ಸಾಕು. ಜೂನಿನಿಂದ ಸೆಪ್ಟೆಂಬರಿನ ತನಕ ನೆಲ ತುಂಬಿಕೊಂಡೇ ಇರುವ ಕರಾವಳಿ, ಮಲೆನಾಡಿನಲ್ಲಿ ಪಂಪು ಹಗಲೂ ರಾತ್ರಿ ಓಡಬೇಕಾಗುತ್ತದೆ. ಅಲ್ಲಿ ನೆಲ ಏರಿಸುವುದೇ ಮೇಲು. ಏರಿಸಿದ ಮೇಲೂ ತೊಲೆಯ ಅಡಿಗೆ 7 ಅಡಿ ಎತ್ತರ ಉಳಿಯಬೇಕು, ಕಾರಿನ ಡಿಕ್ಕಿ ತೆರೆದಾಗ ತಾಗಬಾರದು. ಅಳೆದು ನೋಡಿಯೇ ಮಣ್ಣು ತರಿಸಿ.

ಕೆಲಸ ಡಿಸೆಂಬರಿನಿಂದ ಮಾರ್ಚಿನೊಳಗೆ ಮುಗಿಸಿದರೆ ಏಪ್ರಿಲಿನ ಮಾವಿನ ಮಳೆಯಲ್ಲಿ ಪರೀಕ್ಷೆಯಾಗುತ್ತದೆ. ಗುತ್ತಿಗೆ ಮಾತಾಡುವಾಗ ಐದನೇ ಒಂದು ಭಾಗ ಹಣವನ್ನು ಆ ಮೊದಲ ಜೋರು ಮಳೆಯ ತನಕ ಹಿಡಿದಿಟ್ಟುಕೊಳ್ಳುವುದಾಗಿ ಮೊದಲೇ ಹೇಳಿ, ಬರೆದೂ ಕೊಡಿ. ಪೈಪು ಎಲ್ಲೆಲ್ಲಿ ಹೋಗಿದೆ, ಎಷ್ಟು ಆಳದಲ್ಲಿದೆ ಎಂಬುದನ್ನು ಮುಚ್ಚುವ ಮುನ್ನ ಟೇಪು ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ.